ಮಾಸಾಶನ ಭಿಕ್ಷೆಯಲ್ಲ

ಗ್ಯಾರಂಟಿ ಯೋಜನೆಗಳ ಕುರಿತು ನಮ್ಮಲ್ಲಿ ನಡೆದಷ್ಟು ಚರ್ಚೆ ಮಾಸಾಶನಗಳ ಕುರಿತು ನಡೆಯುವುದಿಲ್ಲ. ವೃದ್ಧರು, ವಿಧವೆಯರು, ಅಂಗವಿಕಲರು ಮತದಾರರಾಗಿದ್ದರೂ ಮೆರವಣಿಗೆ ಹೊರಡುವ ತ್ರಾಣವುಳ್ಳವರಲ್ಲ. ಆದ್ದರಿಂದಲೇ ಅವರ ಪರವಾಗಿ ಮಾತಾಡುವ ಹೊಣೆ ಉಳಿದವರ ಮೇಲಿದೆ.

ನಿರುದ್ಯೋಗ, ವೃದ್ಧಾಪ್ಯ, ಅನಾರೋಗ್ಯ ಮತ್ತು ಅಂಗವೈಕಲ್ಯದ ಸಂದರ್ಭಗಳಲ್ಲಿ ಪ್ರಭುತ್ವವು ತನ್ನ ಆರ್ಥಿಕ ಸಾಮರ್ಥ್ಯದ ಮಿತಿಯಲ್ಲಿ ಸಾರ್ವಜನಿಕ ನೆರವು ಒದಗಿಸಬೇಕೆಂದು ಸಂವಿಧಾನದ 41ನೇ ವಿಧಿಯು ನಿರ್ದೇಶಿಸುತ್ತದೆ. ಈ ಆಶಯದಂತೆ ಕೇಂದ್ರ ಸರಕಾರವು 1995ರ ಆಗಸ್ಟ್ 15ರಂದು ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮವನ್ನು ಆರಂಭಿಸಿತು. ಆಗ ವೃದ್ಧಾಪ್ಯ ವೇತನಕ್ಕೆ ಕೇಂದ್ರದ ಪಾಲು ತಿಂಗಳಿಗೆ 75 ರೂ. ಇತ್ತು. 2006ರಲ್ಲಿ ಅದು 200 ರೂ. ಆಯಿತು. 80 ವರ್ಷ ದಾಟಿದವರಿಗೆ 2011ರಲ್ಲಿ 500 ರೂ.ಗೆ ಏರಿತಾದರೂ ಉಳಿದ ವೃದ್ಧರ ಪಾಲಿಗೆ ಕೇಂದ್ರದ ಕೊಡುಗೆ ಆ 200 ರೂ.ಯಲ್ಲೇ ನಿಂತುಬಿಟ್ಟಿದೆ. ಅಕ್ಕಿ, ಎಣ್ಣೆ, ಔಷಧಿಗಳ ಬೆಲೆಯೂ 2006ರಲ್ಲೇ ನಿಂತಿದೆಯೇ?

ಇದೇ ಅವಧಿಯಲ್ಲಿ ಸಂಸದರ ಮಾಸಿಕ ವೇತನವು 2010ರಲ್ಲಿ 50 ಸಾವಿರಕ್ಕೂ 2018ರಲ್ಲಿ ಒಂದು ಲಕ್ಷಕ್ಕೂ ಏರಿತು. ಮಾತ್ರವಲ್ಲ, ಐದು ವರ್ಷಕ್ಕೊಮ್ಮೆ ಹಣದುಬ್ಬರಕ್ಕನುಗುಣವಾಗಿ ಅದು ತಾನಾಗಿಯೇ ಪರಿಷ್ಕರಣೆಗೊಳ್ಳುವಂತೆ 2018ರಲ್ಲಿ ಕಾನೂನು ರೂಪಿಸಲಾಯಿತು. ಸಂಸದರಿಗೆ ತಟ್ಟುವ ಹಣದುಬ್ಬರ ನಿರ್ಗತಿಕರಿಗೆ ತಟ್ಟುವುದಿಲ್ಲವೇ? ಅದೇ ನಿಯಮವನ್ನು ಮಾಸಾಶನಕ್ಕೂ ಅನ್ವಯಿಸಬೇಕೆಂಬುದು ನಮ್ಮ ಆಗ್ರಹ.

ಕರ್ನಾಟಕವು ಕೇಂದ್ರದ ಪಾಲಿಗೆ ತನ್ನದನ್ನೂ ಸೇರಿಸುತ್ತಾ ಬಂದಿದೆ. 2007ರ ಸಂಧ್ಯಾ ಸುರಕ್ಷಾ, ಅವಿವಾಹಿತ ಹಾಗೂ ವಿಚ್ಛೇದಿತ ಮಹಿಳೆಯರಿಗಾಗಿ 2013ರಲ್ಲಿ ಬಂದ ಮನಸ್ವಿನಿ ಶ್ಲಾಘನೀಯ ಯೋಜನೆಗಳು. ಆದರೆ ಪತಿ ಹೇಳದೆ ಕೇಳದೆ ತೊರೆದುಹೋದ ಹೆಣ್ಣಿನ ಪಾಡೇನು? ಆಕೆ ವಿಧವೆಯಲ್ಲ, ವಿಚ್ಛೇದಿತೆಯೆನ್ನಲು ದಾಖಲೆಯಿಲ್ಲ. ಕಾಗದದಲ್ಲಿ ಆಕೆಗೆ ಪತಿಯಿದ್ದಾನೆ, ಮನೆಯಲ್ಲಿ ಇಲ್ಲ. ಸ್ಥಳೀಯ ವಿಚಾರಣೆಯ ಆಧಾರದಲ್ಲಿ ಇಂಥವರಿಗೂ ಮಾಸಾಶನ ಸಿಗುವಂತೆ ಸರಕಾರ ನಿಯಮವನ್ನು ಸ್ಪಷ್ಟಗೊಳಿಸಬೇಕು.

ಸಮುದಾಯದ ಹೊಣೆಯೂ ಇಲ್ಲಿದೆ. ನಿಕಾಹ್‌ನಷ್ಟೇ ಕಟ್ಟುನಿಟ್ಟಾಗಿ ವಿಚ್ಛೇದನವನ್ನೂ ದಾಖಲಿಸಿ, ಅದರ ಪ್ರತಿಯನ್ನು ಮಹಿಳೆಯ ಕೈಗೊಪ್ಪಿಸುವುದು ಜಮಾಅತ್‌ಗಳಿಗೆ ಕಷ್ಟದ ಕೆಲಸವಲ್ಲ. ನಾಡಕಚೇರಿಯ ಅರ್ಜಿ, ಆದಾಯ ಪ್ರಮಾಣಪತ್ರ, ಆಧಾರ್ ಜೋಡಣೆಯ ತೊಡಕುಗಳಲ್ಲಿ ಓದಿದ ಯುವಕರು ಹಿರಿಯರ ಜೊತೆ ನಿಲ್ಲಬಹುದು. ಝಕಾತ್ ಉಳ್ಳವರ ಕಡ್ಡಾಯ ಕರ್ತವ್ಯ. ಮಾಸಾಶನ ನಾಗರಿಕರಿಗೆ ಪ್ರಭುತ್ವವು ಸಲ್ಲಿಸಬೇಕಾದ ಬಾಕಿ. ಒಂದು ಇದೆಯೆಂದು ಇನ್ನೊಂದನ್ನು ಬಿಟ್ಟುಕೊಡಬೇಕಾಗಿಲ್ಲ.

ಕೇಳುವವರು ಅಂಜದಿರಲಿ, ಕೊಡುವವರು ಉಪಕಾರವೆಂದು ಭಾವಿಸದಿರಲಿ.