ವೀರ್ಯದ ಕಡ್ಡಿಗಿಂತ ಮೊದಲು ಗೋದಲಿ

ಪ್ರತಿ ಹಸುವಿಗೂ ಲಿಂಗ ನಿರ್ಧರಿತ ವೀರ್ಯ ಕೊಡಿಸಿದರೆ ಹೈನುಗಾರರ ನಷ್ಟ ತಾನಾಗಿ ನೀಗುತ್ತದೆ ಎಂಬ ಕಳೆದ ಸಂಚಿಕೆಯ ವಾದ ಅರ್ಧ ಲೆಕ್ಕವನ್ನಷ್ಟೇ ಒಪ್ಪಿಸುತ್ತದೆ. ಈ ವೀರ್ಯದಿಂದ ಹುಟ್ಟುವ ಕರುಗಳಲ್ಲಿ ಶೇ. 90ರಷ್ಟು ಹೆಣ್ಣು ಎಂಬುದು ನಿಜ. ಗಬ್ಬ ನಿಲ್ಲುವ ಪ್ರಮಾಣ ಸಾಮಾನ್ಯ ವೀರ್ಯಕ್ಕಿಂತ ಕಡಿಮೆ ಎಂಬುದೂ ಅಷ್ಟೇ ನಿಜ. ಅದನ್ನು ಲೇಖಕರು ಹೇಳಲಿಲ್ಲ. ಹಸು ಬಡಕಲಾಗಿದ್ದರೆ ಬೆದೆಯೇ ಸರಿಯಾಗಿ ಕಾಣಿಸಿಕೊಳ್ಳುವುದಿಲ್ಲ. ಕರು ಹಾಕಿದ ಮೊದಲ ವಾರಗಳಲ್ಲಿ ತಿಂದದ್ದಕ್ಕಿಂತ ಹೆಚ್ಚು ಶಕ್ತಿ ಹಾಲಾಗಿ ಹೋಗುತ್ತದೆ, ಮೈ ಕರಗುತ್ತದೆ, ಬೆದೆ ಮುಂದಕ್ಕೆ ಹೋಗುತ್ತದೆ. ಇದಕ್ಕೆ ಯಾವ ಹೋರಿಯ ವಂಶಾವಳಿಯೂ ಮದ್ದಲ್ಲ.

400 ಕಿಲೋ ತೂಕದ ಮಿಶ್ರತಳಿ ಹಸು ಚೆನ್ನಾಗಿ ಹಾಲು ಕೊಡಬೇಕಾದರೆ ದಿನಕ್ಕೆ ಸುಮಾರು 12 ಕಿಲೋ ಒಣಾಂಶ ಬೇಕು. ಬರೀ ಭತ್ತದ ಹುಲ್ಲಿನಿಂದ ಅದು ಸಾಧ್ಯವಿಲ್ಲ: ಅದರಲ್ಲಿ ಪ್ರೋಟೀನ್ ಶೇ. 3–4ರಷ್ಟು, ಹೊಟ್ಟೆಯ ಸೂಕ್ಷ್ಮಜೀವಿಗಳಿಗೆ ಬೇಕಾದದ್ದು ಶೇ. 7ರಷ್ಟು. ಹಿಂಡಿ ದುಬಾರಿ, ಬಡ ರೈತ ಏನು ಮಾಡಬೇಕು ಎಂಬ ಆಕ್ಷೇಪ ಬರುತ್ತದೆ, ನ್ಯಾಯವಾದದ್ದೇ. ಆದರೆ 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾವನ್ನು ನೀರಲ್ಲಿ ಕರಗಿಸಿ ಚಿಮುಕಿಸಿ, ಗಾಳಿಯಾಡದಂತೆ ಮೂರು ವಾರ ಮುಚ್ಚಿಟ್ಟರೆ ಅದೇ ಹುಲ್ಲು ಹೆಚ್ಚು ಜೀರ್ಣವಾಗುತ್ತದೆ. (ಅಳತೆ ತಪ್ಪಿದರೆ ಯೂರಿಯಾ ವಿಷ, ಎಳೆಗರುಗಳಿಗೆ ಬೇಡವೇ ಬೇಡ.) ಮೇವಿಗಾಗಿ ಬದುವಿನ ಮೇಲೆ ಅಗಸೆ, ನುಗ್ಗೆ ಬೆಳೆಸಲು ಸಾಲ ಬೇಕಿಲ್ಲ.

ತಳಿ ಸುಧಾರಣೆ ಬೇಡವೆಂದಲ್ಲ. ಒಳ್ಳೆಯ ತಳಿಗೆ ಹಸಿವೂ ಹೆಚ್ಚು. ಅರೆಹೊಟ್ಟೆಯಲ್ಲಿ ಅದು ಮಲೆನಾಡು ಗಿಡ್ಡಕ್ಕಿಂತ ಬೇಗ ಸೋಲುತ್ತದೆ. ವೀರ್ಯಕ್ಕೆ ಸಹಾಯಧನ ಕೇಳುವವರು ಮೊದಲು ಮೇವಿನ ಬೀಜಕ್ಕೂ ಖನಿಜ ಮಿಶ್ರಣಕ್ಕೂ ಅದನ್ನು ಕೇಳಲಿ.