ಪುಟ ಬೇಯಿಸೋರು ಯಾರು?

ಲ್ಯಾಪ್‌ಟಾಪ್ ಎದುರಿಗಿದ್ದರೆ ಒಂದು ಸಣ್ಣ ಕೆಲಸ ಮಾಡಿ. ಯಾವುದಾದರೂ ವೆಬ್‌ಸೈಟ್ ತೆರೆದು, ರೈಟ್ ಕ್ಲಿಕ್ ಮಾಡಿ ‘ವ್ಯೂ ಪೇಜ್ ಸೋರ್ಸ್’ ಒತ್ತಿ. ಕೆಲವು ಸೈಟುಗಳಲ್ಲಿ ನೀವು ಪರದೆ ಮೇಲೆ ಓದುತ್ತಿದ್ದ ತಲೆಬರಹ, ಪ್ಯಾರಾ, ಫೋಟೊ ಕೊಂಡಿ ಎಲ್ಲವೂ ಅಲ್ಲಿ ಸಿಗುತ್ತವೆ. ಇನ್ನು ಕೆಲವದರಲ್ಲಿ ಏನೂ ಇರೋದಿಲ್ಲ. ‘ರೂಟ್’ ಅನ್ನೋ ಹೆಸರಿನ ಒಂದು ಖಾಲಿ ಡಬ್ಬ, ಅದರ ಜೊತೆ ಒಂದೆರಡು ಸ್ಕ್ರಿಪ್ಟ್ ಸಾಲು, ಅಷ್ಟೇ. ಹಾಗಾದರೆ ಪರದೆ ಮೇಲಿರುವ ಪುಟ ಎಲ್ಲಿಂದ ಬಂತು? ಆ ಸ್ಕ್ರಿಪ್ಟನ್ನು ಇಳಿಸಿಕೊಂಡು ಓಡಿಸಿ, ನಿಮ್ಮ ಯಂತ್ರವೇ ಅದನ್ನು ತಯಾರು ಮಾಡಿಕೊಂಡಿತು.

ಹತ್ತು ಹನ್ನೆರಡು ವರ್ಷಗಳಿಂದ ನಮ್ಮ ಇಂಜಿನಿಯರ್ ಬಳಗ ಮಾಡಿಕೊಂಡು ಬಂದಿರೋದು ಹೆಚ್ಚಾಗಿ ಇದನ್ನೇ. 2013ರ ಮೇ ತಿಂಗಳಲ್ಲಿ ಫೇಸ್‌ಬುಕ್ ತನ್ನ ರಿಯಾಕ್ಟ್ ಲೈಬ್ರರಿಯನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟಿತು. ಮರುವರ್ಷ ವ್ಯೂ ಬಂತು. ಪುಟವನ್ನು ಇಡಿಯಾಗಿ ಬರೆಯುವ ಬದಲು ತುಂಡು ತುಂಡಾಗಿ, ಅಂದರೆ ಕಾಂಪೊನೆಂಟ್‌ಗಳಾಗಿ ಬರೆಯೋದು ಇವುಗಳ ಪದ್ಧತಿ. ಒಂದು ಬಟನ್, ಒಂದು ಫೋಟೊ ಕಾರ್ಡ್, ಒಂದು ಮೆನು. ಒಂದು ಸಲ ಬರೆದರೆ ಹತ್ತು ಕಡೆ ಬಳಸಬಹುದು. ನಿಜಕ್ಕೂ ಸುಖದ ಕೆಲಸ, ನಾನು ಸುಳ್ಳು ಹೇಳೋದಿಲ್ಲ. 2016ರಲ್ಲಿ ಬಂದ ‘ಕ್ರಿಯೇಟ್ ರಿಯಾಕ್ಟ್ ಆ್ಯಪ್’ ಹಿಡಿದು ನನ್ನ ವಯಸ್ಸಿನ ಎಷ್ಟೋ ಜನ ಕೆಲಸ ಕಲಿತದ್ದು. ಆ ಖಾಲಿ ‘ರೂಟ್’ ಡಬ್ಬ ಅದರದ್ದೇ ಬಳುವಳಿ. 2025ರ ಫೆಬ್ರವರಿಯಲ್ಲಿ ರಿಯಾಕ್ಟ್ ತಂಡವೇ ‘ಹೊಸ ಆ್ಯಪ್‌ಗಳಿಗೆ ಇನ್ನು ಇದು ಬೇಡ’ ಅಂತ ಹೇಳಿಬಿಟ್ಟಿತು. ಆದರೆ ಅಷ್ಟರಲ್ಲಿ ಕಟ್ಟಿ ಮುಗಿಸಿದ ಸೈಟುಗಳು ಎಲ್ಲಿಗೆ ಹೋಗಬೇಕು? ಅವು ಇನ್ನೂ ಇದ್ದಾವೆ, ಇರುತ್ತವೆ.

ಬೆಂಗಳೂರಿನ ದರ್ಶಿನಿಗೆ ಹೋದವರಿಗೆ ಇದನ್ನು ಅರ್ಥ ಮಾಡಿಸೋದು ಸುಲಭ. ಅಲ್ಲಿ ಇಡ್ಲಿ ಬೆಂದು ತಯಾರಿರುತ್ತೆ. ಟೋಕನ್ ಕೊಟ್ಟರೆ ತಟ್ಟೆ ಕೈಗೆ. ದೋಸೆ ಹಾಗಲ್ಲ, ನೀವು ಹೇಳಿದ ಮೇಲೆ ಹೊಯ್ತಾರೆ, ನಾಲ್ಕು ನಿಮಿಷ ನಿಲ್ಲಬೇಕು. ಖಾಲಿ ಡಬ್ಬದ ಸೈಟು ಈ ಎರಡೂ ಅಲ್ಲ. ಅದು ಹಿಟ್ಟು, ಕಾವಲಿ, ಎಣ್ಣೆ, ಗ್ಯಾಸ್ ಸ್ಟವ್ ಎಲ್ಲವನ್ನೂ ತಂದು ನಿಮ್ಮ ಮುಂದಿಟ್ಟು, ‘ನೀವೇ ಹೊಯ್ಕೊಳ್ಳಿ ಸಾರ್’ ಅನ್ನೋ ಹೋಟೆಲು. ಒಳ್ಳೇ ಫೋನು, ಒಳ್ಳೇ ನೆಟ್‌ವರ್ಕ್ ಇರುವವರಿಗೆ ಇದು ಗೊತ್ತೇ ಆಗೋದಿಲ್ಲ. ಗೊತ್ತಾಗೋದು ಉಳಿದವರಿಗೆ.

ಆ ಉಳಿದವರ ಪೈಕಿ ನಮ್ಮ ಚಿಕ್ಕಮ್ಮನ ಮಗಳೂ ಒಬ್ಬಳು. ಆಗುಂಬೆ ಹತ್ತಿರ ಗಂಡ ಹೆಂಡತಿ ಸೇರಿ ಒಂದು ಪುಟ್ಟ ಹೋಮ್‌ಸ್ಟೇ ನಡೆಸುತ್ತಾರೆ. ಅವಳ ಸೈಟನ್ನು ಯಾರೋ ರಿಯಾಕ್ಟ್‌ನಲ್ಲಿ ಮಾಡಿಕೊಟ್ಟಿದ್ದರು. ನೋಡೋಕೆ ಚೆನ್ನಾಗೇ ಇತ್ತು. ಒಂದು ರಾತ್ರಿ ಫೋನ್ ಮಾಡಿ, ‘ಅಣ್ಣಾ, ಘಾಟಿ ಹತ್ತಿರ ಬಂದವರು ದಾರಿ ನೋಡೋಣ ಅಂತ ಸೈಟ್ ತೆಗೆದ್ರೆ ಬರೀ ಬಿಳಿ ಬರ್ತದಂತೆ. ಮೊನ್ನೆ ಒಬ್ರು, ಸೈಟೇ ಇಲ್ಲ, ಇದು ಮೋಸ ಇರ್ಬೇಕು ಅಂತ ತಿಳ್ಕೊಂಡು ಬೇರೆ ಕಡೆ ಹೋಗಿ ಉಳ್ಕೊಂಡ್ರು’ ಅಂದಳು. ಇನ್ನೊಂದು ದೂರು ನನಗೆ ಇನ್ನೂ ಕುತೂಹಲ ಹುಟ್ಟಿಸಿತು. ‘ರೂಮಿನ ಲಿಂಕ್ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ರೆ ಫೋಟೊನೇ ಬರಲ್ಲ. ಪಕ್ಕದ ಊರಿನವರದ್ದು ಬರ್ತದೆ.’

ಎರಡೂ ದೂರಿನ ಬೇರು ಒಂದೇ. ಲಿಂಕ್ ಕಳಿಸಿದಾಗ ಚಿಕ್ಕ ಚಿತ್ರ, ತಲೆಬರಹ ತೋರಿಸೋಕೆ ವಾಟ್ಸ್‌ಆ್ಯಪ್ ಆ ಪುಟದ ಎಚ್‌ಟಿಎಂಎಲ್ ಓದುತ್ತೆ. ಸ್ಕ್ರಿಪ್ಟ್ ಓಡಿಸುವ ಗೋಜಿಗೆ ಹೋಗೋದಿಲ್ಲ. ಖಾಲಿ ಡಬ್ಬದಲ್ಲಿ ಅದಕ್ಕೆ ಏನು ಸಿಗಬೇಕು? ಘಾಟಿಯ ಬಳಿ ನಿಂತವರ ಕತೆಯೂ ಅದೇ. ಡಬ್ಬ ಬಂದಿತ್ತು, ಸ್ಕ್ರಿಪ್ಟ್ ದಾರಿಯಲ್ಲೇ ಸಿಕ್ಕಿಕೊಂಡಿತ್ತು.

ಮದ್ದು ಹಳೆಯದು. ಪುಟವನ್ನು ಮೊದಲೇ ಬೇಯಿಸಿಡೋದು. 2008ರಲ್ಲಿ ಟಾಮ್ ಪ್ರೆಸ್ಟನ್-ವರ್ನರ್ ಜೆಕಿಲ್ ಅನ್ನೋ ಉಪಕರಣ ಬರೆದಾಗಲೇ ಈ ವಿಚಾರ ಇತ್ತು. ಬರಹ ಒಂದು ಕಡೆ, ವಿನ್ಯಾಸ ಒಂದು ಕಡೆ ಇಟ್ಟು, ಎರಡನ್ನೂ ಸೇರಿಸಿ ಎಚ್‌ಟಿಎಂಎಲ್ ಫೈಲುಗಳನ್ನು ಮಾಡಿ ಇಡುವುದು. ರಿಯಾಕ್ಟ್, ವ್ಯೂ ಕಾಲದಲ್ಲಿ ವಿನ್ಯಾಸದ ಜಾಗಕ್ಕೆ ಕಾಂಪೊನೆಂಟ್ ಬಂತು. ಬ್ರೌಸರ್‌ನಲ್ಲಿ ಓಡಬೇಕಾದ ಅದೇ ಕಾಂಪೊನೆಂಟನ್ನು ನನ್ನ ಲ್ಯಾಪ್‌ಟಾಪಿನಲ್ಲೋ ಸರ್ವರಿನಲ್ಲೋ ನೋಡ್‌ಜೆಎಸ್ ಬಳಸಿ ಒಂದು ಸಲ ಓಡಿಸಿದರೆ ಎಚ್‌ಟಿಎಂಎಲ್ ಪಠ್ಯ ಸಿಗುತ್ತೆ. ಅದನ್ನು ಫೈಲಿಗೆ ಬರೆದರೆ ಕೆಲಸ ಆಯ್ತು. ರಿಯಾಕ್ಟ್ ಜೊತೆಗೇ ಇದಕ್ಕೆ ‘ರೆಂಡರ್ ಟು ಸ್ಟ್ರಿಂಗ್’ ಅನ್ನೋ ಫಂಕ್ಷನ್ ಬರುತ್ತೆ. ಪುಟಗಳ ಪಟ್ಟಿ, ಒಂದು ಲೂಪ್, ಈ ಫಂಕ್ಷನ್ ಇಷ್ಟಿದ್ದರೆ ಒಂದು ಪುಟ್ಟ ಜನರೇಟರನ್ನು ನೀವೇ ಒಂದು ಮಧ್ಯಾಹ್ನದಲ್ಲಿ ಬರೆಯಬಹುದು. ಬರೆದು ನೋಡಿ ಅಂತಲೇ ನನ್ನ ಸಲಹೆ. ಒಳಗೇನಿದೆ ಅಂತ ತಿಳಿದ ಮೇಲೆ ದೊಡ್ಡ ಫ್ರೇಮ್‌ವರ್ಕ್‌ಗಳ ಭಯ ಹೋಗುತ್ತೆ.

ದೊಡ್ಡವುಗಳು ಸಾಕಷ್ಟಿವೆ. 2015ರಲ್ಲಿ ಶುರುವಾದ ಗ್ಯಾಟ್ಸ್‌ಬಿ ಒಂದು ಕಾಲಕ್ಕೆ ಎಲ್ಲರ ಬಾಯಲ್ಲೂ ಇತ್ತು. 2023ರಲ್ಲಿ ನೆಟ್ಲಿಫೈ ಅದನ್ನು ಕೊಂಡುಕೊಂಡಿತು, ಈಗ ಹೊಸ ಸೈಟಿಗೆ ಅದನ್ನು ಆರಿಸುವವರು ನನಗೆ ಕಾಣೋದೇ ಅಪರೂಪ. 2016ರ ನೆಕ್ಸ್ಟ್‌ಜೆಎಸ್ ಬೇಯಿಸಿಟ್ಟ ಪುಟ, ಆಗಲೇ ಬೇಯಿಸುವ ಪುಟ ಎರಡನ್ನೂ ಒಂದೇ ಅಡುಗೆಮನೆಯಲ್ಲಿ ಮಾಡುತ್ತೆ. ವ್ಯೂ ಕಡೆಯವರಿಗೆ ನಕ್ಸ್ಟ್ ಇದೆ. ತಂಗಿಯ ಸೈಟಿಗೆ ನಾನು ಆರಿಸಿದ್ದು ಆಸ್ಟ್ರೋ. ಕಾರಣ ಮುಂದೆ ಹೇಳ್ತೀನಿ.

ಹಳೆಯ ರಿಯಾಕ್ಟ್ ಕಾಂಪೊನೆಂಟ್‌ಗಳನ್ನು ಹಾಗೇ ತಂದಿಟ್ಟು ಬಿಲ್ಡ್ ಓಡಿಸಿದೆ. ಈ ದಾರಿಯಲ್ಲಿ ನಡೆದ ಎಲ್ಲರೂ ಒಂದಲ್ಲ ಒಂದು ದಿನ ನೋಡುವ ಸಾಲು ಪರದೆ ಮೇಲೆ ಬಂತು. ‘ವಿಂಡೋ ಈಸ್ ನಾಟ್ ಡಿಫೈನ್ಡ್.’ ದಾರಿ ತೋರಿಸುವ ನಕ್ಷೆಗೆ ಆ ಸೈಟಿನಲ್ಲಿ ಲೀಫ್ಲೆಟ್ ಬಳಸಿದ್ದರು. ಅದು ಎದ್ದ ಕೂಡಲೇ ಬ್ರೌಸರಿನ ‘ವಿಂಡೋ’ ಎಲ್ಲಿ ಅಂತ ಹುಡುಕುತ್ತೆ. ಬಿಲ್ಡ್ ನಡೆಯುವ ಜಾಗದಲ್ಲಿ ಬ್ರೌಸರೇ ಇಲ್ಲ. ಬೇಯಿಸುವ ಹೊತ್ತಿಗೆ ಊಟಗಾರ ಇನ್ನೂ ಬಂದಿರೋದಿಲ್ಲ ನೋಡಿ. ಅವನ ಪರದೆ ಎಷ್ಟು ಅಗಲ, ಅವನು ಲಾಗಿನ್ ಆಗಿದ್ದಾನೋ ಇಲ್ಲವೋ, ಅವನ ಫೋನಿನ ಲೋಕಲ್ ಸ್ಟೋರೇಜಿನಲ್ಲಿ ಏನಿದೆ, ಇದ್ಯಾವುದನ್ನೂ ಬಿಲ್ಡ್ ಸಮಯದಲ್ಲಿ ಕೇಳುವಂತಿಲ್ಲ. ನಕ್ಷೆಯನ್ನು ‘ಬ್ರೌಸರ್‌ನಲ್ಲಿ ಮಾತ್ರ’ ಅಂತ ಗುರುತು ಹಾಕಿ ಬಿಲ್ಡ್ ದಾಟಿಸಿದೆ. ಆಮೇಲೆ ಅನ್ನಿಸಿತು, ಒಂದು ಗೆರೆ ಸಿಗ್ನಲ್ ಇರುವ ಕಡೆ ನಿಂತವನಿಗೆ ಈ ನಕ್ಷೆ ಹೇಗೂ ತೆರೆಯೋದಿಲ್ಲ. ತಂಗಿಯನ್ನೇ ಕೇಳಿ ದಾರಿಯನ್ನು ಅಕ್ಷರದಲ್ಲಿ ಬರೆಸಿದೆ. ಎಲ್ಲಿ ಎಡಕ್ಕೆ, ಯಾವ ಅಂಗಡಿ ಆದಮೇಲೆ ಬಲಕ್ಕೆ, ಗೇಟಿನ ಬಣ್ಣ ಏನು. ಆ ಪುಟ ಈಗ ಕೆಲವೇ ಕೆಬಿ. ನಕ್ಷೆ ಅದರ ಕೆಳಗೆ, ಬೇಕಾದವರು ಅಲ್ಲಿಯವರೆಗೆ ಸ್ಕ್ರಾಲ್ ಮಾಡಿದರೆ ಮಾತ್ರ ಇಳಿಯುತ್ತೆ.

ಇನ್ನೊಂದು ತಮಾಷೆ ನಡೆಯಿತು. ಮುಖಪುಟದ ನೆತ್ತಿಯಲ್ಲಿ ‘ಗುಡ್ ಮಾರ್ನಿಂಗ್’ ಹೇಳುವ ಕಾಂಪೊನೆಂಟ್ ಒಂದಿತ್ತು. ಸಂಜೆ ಏಳಕ್ಕೆ ಬಿಲ್ಡ್ ಆದ ಪುಟ ‘ಗುಡ್ ಆಫ್ಟರ್‌ನೂನ್’ ಅಂತಿತ್ತು. ಆ ಬಿಲ್ಡ್ ಸರ್ವರ್ ಯುಟಿಸಿ ಸಮಯದಲ್ಲಿತ್ತು, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದೆ. ಫೋನಿಗೆ ಬಂದಾಗ ರಿಯಾಕ್ಟ್ ಅದನ್ನೇ ಮತ್ತೆ ಲೆಕ್ಕ ಹಾಕಿ ‘ಗುಡ್ ಈವ್ನಿಂಗ್’ ಅಂದಿತು. ಬೇಯಿಸಿಟ್ಟದ್ದಕ್ಕೂ ಈಗ ಲೆಕ್ಕ ಹಾಕಿದ್ದಕ್ಕೂ ತಾಳೆ ಬೀಳದೆ ಕನ್ಸೋಲ್ ತುಂಬ ದೂರು. ತಂಗಿಗೆ ಹೇಳದೆ ಆ ಕಾಂಪೊನೆಂಟ್ ತೆಗೆದುಹಾಕಿದೆ. ಇಲ್ಲಿಯವರೆಗೆ ಅವಳಾಗಲಿ ಅತಿಥಿಗಳಾಗಲಿ ಕೇಳಿಲ್ಲ.

ಈ ‘ಮತ್ತೆ ಲೆಕ್ಕ ಹಾಕೋದು’ ಇದೆಯಲ್ಲ, ಅದರ ಹೆಸರು ಹೈಡ್ರೇಶನ್. ಬೇಯಿಸಿಟ್ಟ ಎಚ್‌ಟಿಎಂಎಲ್ ಕಣ್ಣಿಗೆ ಬೇಗ ಕಾಣುತ್ತೆ ನಿಜ, ಆದರೆ ಅದರಲ್ಲಿನ ಬಟನ್‌ಗಳಿಗೆ ಇನ್ನೂ ಜೀವ ಇರೋದಿಲ್ಲ. ಸ್ಕ್ರಿಪ್ಟ್ ಬಂದು, ಅವೇ ಕಾಂಪೊನೆಂಟ್‌ಗಳನ್ನು ಮತ್ತೊಮ್ಮೆ ಓಡಿಸಿ, ಯಾವ ಬಟನ್ ಒತ್ತಿದರೆ ಏನಾಗಬೇಕು ಅಂತ ಜೋಡಿಸಬೇಕು. ಅಲ್ಲಿಯವರೆಗೆ ಒತ್ತಿದರೆ ಏನೂ ಆಗೋದಿಲ್ಲ. ಬೆಂದ ಇಡ್ಲಿಯನ್ನು ಕೊಟ್ಟು, ಅದರ ಹಿಂದೆಯೇ ಹಿಟ್ಟು, ಸ್ಟವ್ ಎಲ್ಲವನ್ನೂ ಟೇಬಲಿಗೆ ತಂದಿಟ್ಟ ಹಾಗೆ. ‘ನಮ್ಮದು ಸ್ಟ್ಯಾಟಿಕ್ ಸೈಟು, ಭಾರೀ ವೇಗ’ ಅನ್ನುವ ಎಷ್ಟೋ ಕಡೆ ಈ ಎರಡನೇ ತಟ್ಟೆಯ ತೂಕವನ್ನು ಯಾರೂ ಹೇಳೋದಿಲ್ಲ. ನನಗೆ ಸಿಟ್ಟು ಬರೋದು ಇಲ್ಲೇ. ಬರೀ ಓದುವ ಪುಟಕ್ಕೆ, ಒಂದೂ ಬಟನ್ ಇಲ್ಲದ ಪುಟಕ್ಕೆ, ಇಡೀ ರಿಯಾಕ್ಟ್ ಯಾಕೆ ಹೋಗಬೇಕು?

ಆಸ್ಟ್ರೋ ಆರಿಸಿದ್ದು ಇದಕ್ಕೇ. 2022ರ ಆಗಸ್ಟ್‌ನಲ್ಲಿ ಅದರ ಮೊದಲ ಪೂರ್ಣ ಆವೃತ್ತಿ ಬಂತು. ಅದರ ನಿಯಮ ಸರಳ. ನೀವು ಬೇಕು ಅಂತ ಹೇಳದಿದ್ದರೆ ಯಾವ ಕಾಂಪೊನೆಂಟಿನ ಜಾವಾಸ್ಕ್ರಿಪ್ಟೂ ಓದುಗನಿಗೆ ಹೋಗೋದಿಲ್ಲ, ಎಚ್‌ಟಿಎಂಎಲ್ ಮಾತ್ರ ಹೋಗುತ್ತೆ. ಜೀವ ಬೇಕಾದ ತುಂಡುಗಳಿಗೆ ಮಾತ್ರ ಗುರುತು ಹಾಕಬೇಕು. ಇವನ್ನು ದ್ವೀಪ ಅಂತ ಕರೀತಾರೆ, ಸುತ್ತ ಒಣ ಪುಟ, ನಡುವೆ ಅಲ್ಲೊಂದು ಇಲ್ಲೊಂದು ಚಲನೆ ಇರುವ ತುಂಡು. ತಂಗಿಯ 9 ಪುಟಗಳಲ್ಲಿ ದ್ವೀಪ ಉಳಿದದ್ದು ಎರಡೇ, ನಕ್ಷೆ ಮತ್ತು ಫೋಟೊ ಸರಿಸಿ ನೋಡುವ ಗ್ಯಾಲರಿ.

ಆಮೇಲೆ ಬಂತು ನಿಜವಾದ ಪ್ರಶ್ನೆ. ಅದನ್ನು ಕೇಳಿದ್ದು ಅವಳೇ. ‘ಅಣ್ಣಾ, ಮೊದ್ಲೇ ಮಾಡಿ ಇಟ್ಟಿರ್ತೀಯ ಅಂದ್ರೆ, ನಾನು ರೇಟು ಬದಲಾಯಿಸಿದ್ರೆ?’ ಮಳೆಗಾಲಕ್ಕೊಂದು, ದೀಪಾವಳಿಗೊಂದು, ಸಾಲು ರಜೆಗೊಂದು ರೇಟು ಅವರದ್ದು. ನಾನು ಬಿಲ್ಡ್, ಕ್ಯಾಶ್ ಅಂತ ವಿವರಿಸತೊಡಗಿದೆ. ಅವಳು ಮಧ್ಯದಲ್ಲೇ ತಡೆದು, ‘ಹಳೇ ರೇಟು ತೋರಿಸಿದ್ರೆ ಅದೇ ರೇಟಿಗೆ ಕೊಡ್ಬೇಕಾಗ್ತದಲ್ಲ’ ಅಂದಳು. ಹಳಸಿದ ಕ್ಯಾಶ್ ಬಗ್ಗೆ ನಾನು ಓದಿದ ಯಾವ ದಾಖಲೆಯೂ ವಿಷಯವನ್ನು ಇಷ್ಟು ನೇರವಾಗಿ ಹೇಳಿಲ್ಲ.

ಈಗಿನ ವ್ಯವಸ್ಥೆ ಹೀಗಿದೆ. ರೇಟು ಒಂದು ಗೂಗಲ್ ಶೀಟಿನಲ್ಲಿರುತ್ತೆ. ಬಿಲ್ಡ್ ಓಡಿದಾಗ ಅಲ್ಲಿಂದ ಓದಿಕೊಂಡು ಪುಟಕ್ಕೆ ಅಚ್ಚು ಹಾಕುತ್ತೆ. ಅವಳ ಫೋನಿನಲ್ಲಿ ಒಂದು ಗುಂಡಿ ಇದೆ, ಒತ್ತಿದರೆ ಹೋಸ್ಟಿಂಗ್ ಕಂಪನಿಯ ಬಿಲ್ಡ್ ಹುಕ್‌ಗೆ ಒಂದು ಕರೆ ಹೋಗುತ್ತೆ, ಒಂದೆರಡು ನಿಮಿಷದಲ್ಲಿ 9 ಪುಟಗಳೂ ಹೊಸದಾಗಿ ಬೆಂದು ಕೂತಿರುತ್ತವೆ. ರೇಟಿನ ಪಕ್ಕ ಯಾವ ದಿನಾಂಕದವರೆಗೆ ಅನ್ವಯ ಅಂತಲೂ ಅಚ್ಚಾಗುತ್ತೆ, ಜಗಳ ಬೇಡ ಅಂತ. ಯಾವ ದಿನ ಯಾವ ರೂಮು ಖಾಲಿ ಅನ್ನೋದನ್ನು ಮಾತ್ರ ಬೇಯಿಸಿಡೋಕಾಗಲ್ಲ. ಹಳೇ ಸೈಟಿನಲ್ಲಿ ಅದಕ್ಕೊಂದು ಚೆಂದದ ಕ್ಯಾಲೆಂಡರ್ ಇತ್ತು, ಆದರೆ ಯಾರೂ ಅದನ್ನು ತುಂಬುತ್ತಿರಲಿಲ್ಲ. ನಿಜವಾದ ಲೆಕ್ಕ ಇರೋದು ಅವಳ ನೋಟ್‌ಬುಕ್ಕಿನಲ್ಲಿ. ಕ್ಯಾಲೆಂಡರ್ ತೆಗೆದು ‘ಫೋನ್ ಮಾಡಿ’ ಅನ್ನೋ ಕೊಂಡಿ ಹಾಕಿದೆವು. ಅದಕ್ಕೆ ಜಾವಾಸ್ಕ್ರಿಪ್ಟ್ ಬೇಕಿಲ್ಲ.

9 ಪುಟಕ್ಕೆ ಸರಿ, ಲಕ್ಷ ಪುಟಕ್ಕೆ? ಅಂತ ನೀವು ಕೇಳಬಹುದು. ಒಂದು ಬೆಲೆ ಬದಲಾದರೆ ಲಕ್ಷ ಪುಟ ಬೇಯಿಸುವುದು ಹುಚ್ಚುತನ. 2020ರ ಜುಲೈನಲ್ಲಿ ನೆಕ್ಸ್ಟ್‌ಜೆಎಸ್ ತನ್ನ 9.5ನೇ ಆವೃತ್ತಿಯಲ್ಲಿ ಇದಕ್ಕೊಂದು ಉಪಾಯ ಗಟ್ಟಿ ಮಾಡಿತು. ಪುಟಕ್ಕೆ ಇಷ್ಟು ಸೆಕೆಂಡು ಆಯಸ್ಸು ಅಂತ ಬರೆದಿಟ್ಟರೆ, ಅವಧಿ ಮುಗಿದ ಮೇಲೆ ಬಂದ ಮೊದಲ ಓದುಗನಿಗೆ ಹಳೆಯದನ್ನೇ ಕೊಟ್ಟು, ಹಿಂದುಗಡೆ ಆ ಒಂದು ಪುಟವನ್ನು ಮಾತ್ರ ಹೊಸದಾಗಿ ಮಾಡಿ ಇಡುತ್ತೆ. ಆ ಮೊದಲ ಓದುಗನಿಗೆ ಹಳೇ ರೇಟೇ ಕಾಣೋದು ಅನ್ನೋದನ್ನು ಮರೀಬೇಡಿ. ನನ್ನ ತಂಗಿ ಒಪ್ಪುತ್ತಿರಲಿಲ್ಲ.

ಬೇಯಿಸಿಟ್ಟ ಪುಟದ ಶಕ್ತಿ, ಮಿತಿ ಎರಡನ್ನೂ ಒಟ್ಟಿಗೆ ತೋರಿಸಿದ್ದು ಅಮೆರಿಕದ ಸರ್ಕಾರಿ ಆರೋಗ್ಯ ವಿಮೆಯ ಸೈಟು, ಹೆಲ್ತ್‌ಕೇರ್ ಡಾಟ್ ಗವ್. ಅದರ ಮಾಹಿತಿ ಪುಟಗಳನ್ನು ಜೆಕಿಲ್‌ನಲ್ಲಿ ಮೊದಲೇ ತಯಾರಿಸಿದ್ದರು. 2013ರ ಅಕ್ಟೋಬರ್ 1ರಂದು ಅರ್ಜಿ ಹಾಕಲು ಜನ ನುಗ್ಗಿದಾಗ ಮಕಾಡೆ ಮಲಗಿದ್ದು ಖಾತೆ ತೆರೆಯುವ, ವಿಮೆ ಆರಿಸುವ ಭಾಗ. ಮೊದಲ ದಿನ ನೋಂದಣಿ ಮುಗಿಸಿದವರು 6 ಜನ. ಪ್ರತಿಯೊಬ್ಬನ ಆದಾಯ, ಕುಟುಂಬ ನೋಡಿ ಲೆಕ್ಕ ಹಾಕಬೇಕಾದದ್ದನ್ನು ಯಾವ ಜನರೇಟರೂ ಹಿಂದಿನ ರಾತ್ರಿ ಮಾಡಿ ಇಡಲಾರದು. ಆ ಭಾಗವನ್ನು ಗಟ್ಟಿಯಾಗಿ ಕಟ್ಟೋದು ಬೇರೆಯದೇ ಕೆಲಸ.

ಹಾಗಾಗಿ ಯಾರಾದರೂ ‘ಇಡೀ ಆ್ಯಪನ್ನೇ ಸ್ಟ್ಯಾಟಿಕ್ ಮಾಡಿಬಿಡೋಣ್ವಾ’ ಅಂತ ಆಫೀಸಿನಲ್ಲಿ ಕೇಳಿದರೆ ನಾನು ಪುಟಗಳ ಪಟ್ಟಿ ತರಿಸಿ, ಒಂದೊಂದರ ಎದುರಿಗೂ ಎರಡು ವಿಷಯ ಬರೆಸುತ್ತೀನಿ. ಇದು ಎಲ್ಲರಿಗೂ ಒಂದೇ ಥರ ಕಾಣುತ್ತಾ? ಎಷ್ಟು ದಿನಕ್ಕೊಮ್ಮೆ ಬದಲಾಗುತ್ತೆ? ಅಷ್ಟು ಬರೆಯೋ ಹೊತ್ತಿಗೆ ಅರ್ಧ ಚರ್ಚೆ ತಾನಾಗೇ ಮುಗಿದಿರುತ್ತೆ.

ತಂಗಿಗೆ ಈಗ ಕನ್ನಡದಲ್ಲೂ ಸೈಟ್ ಬೇಕಂತೆ. 9 ಪುಟ 18 ಆಗುತ್ತೆ, ಬಿಲ್ಡ್‌ಗೆ ಅದೊಂದು ಭಾರವಲ್ಲ. ಭಾರ ಇರೋದು ಕನ್ನಡ ಫಾಂಟಿನಲ್ಲಿ. ಒತ್ತಕ್ಷರ, ಗುಣಿತಾಕ್ಷರ ಎಲ್ಲ ಸೇರಿ ಫೈಲು ಇಂಗ್ಲಿಷಿನದ್ದಕ್ಕಿಂತ ದಪ್ಪ. ಹಾಗಾಗಿ ಫೋನಿನಲ್ಲೇ ಇರುವ ಕನ್ನಡ ಅಕ್ಷರದಲ್ಲೇ ಪುಟ ತೋರಿಸೋಣ ಅಂತ ನಾನು, ‘ಅದು ಚೆಂದ ಕಾಣಲ್ಲ ಅಣ್ಣಾ’ ಅಂತ ಅವಳು. ಚರ್ಚೆ ಇನ್ನೂ ನಡೀತಿದೆ.