ಮಾನ ಹೋಗಬೇಕಾದ್ದು ಯಾರದು?



2001ರಲ್ಲಿ ಚಿನ್ನದ ಗಣಿ ಮುಚ್ಚಿತು. ಕೆಜಿಎಫ್‌ನ ಲೈನು ಮನೆಗಳ ಅಪ್ಪ ಅಮ್ಮಂದಿರು ಮುಂಜಾನೆ ರೈಲು ಹಿಡಿದು, ಬಂಗಾರಪೇಟೆ ದಾಟಿ ಬೆಂಗಳೂರಿಗೆ ಕೂಲಿಗೆ ಹೋಗುತ್ತಾರೆ. ಮಗುವಿಗೆ ಏನಾದರೂ ಆದರೆ 'ಬಿಟ್ಟೋಗಿದ್ದು ನಿಮ್ಮದೇ ತಪ್ಪು' ಅಂತಾರೆ ದೊಡ್ಡವರು. ಸುಳ್ಳು! 2007ರ ಕೇಂದ್ರ ಸರ್ಕಾರದ ಅಧ್ಯಯನ 13 ರಾಜ್ಯಗಳ 12,447 ಮಕ್ಕಳನ್ನು ಕೇಳಿತು. ನೂರಕ್ಕೆ 53 ಮಕ್ಕಳು ಲೈಂಗಿಕ ಹಿಂಸೆ ಆಗಿದೆ ಎಂದರು. ಅವರಲ್ಲಿ ಅರ್ಧಕ್ಕೂ ಹೆಚ್ಚು ಗಂಡುಮಕ್ಕಳು. ಹಿಂಸಿಸಿದವರಲ್ಲಿ ಅರ್ಧದಷ್ಟು ಮಂದಿ ಮಗು ಬಲ್ಲವರೇ, ನಂಬಿದವರೇ. ಬೀಗ ಹಾಕಿದರೂ ಒಳಗೆ ಬರುವವರು.

ಎಣಿಸಿದ್ದಾಯಿತು. ಮಗುವಿನ ಪಕ್ಕ ಕೂತವರು ಯಾರು? 2012ರ ಪೋಕ್ಸೊ ಕಾಯ್ದೆ ಪ್ರಕಾರ ಹೇಳಿಕೆ ಬರೆಯುವ ಪೊಲೀಸರು ಸಮವಸ್ತ್ರದಲ್ಲಿ ಇರಕೂಡದು. ಭಾಷೆ ಬಾರದಿದ್ದರೆ ದುಭಾಷಿ ಬೇಕು. ತಮಿಳಲ್ಲಿ, ತೆಲುಗಲ್ಲಿ ಅಳುವ ನಮ್ಮ ಮಕ್ಕಳಿಗೆ ಇದು ಭಿಕ್ಷೆಯಲ್ಲ, ಹಕ್ಕು.

ಕೇರಿಯ ಮಾನ ಹೋಗುತ್ತೆ ಅಂತ ರಾಜಿ ಮಾಡಿಸೋ ಯಜಮಾನರೇ, ಮಾನ ಹೋಗಬೇಕಾದ್ದು ಕೈ ಹಾಕಿದವನದು. ಮೇಲ್ಜಾತಿಯವನು ಮುಟ್ಟಿದರೆ ಮೆರವಣಿಗೆ, ನಮ್ಮವನೇ ಮುಟ್ಟಿದರೆ ಮೌನ. ಇದೆಂಥ ಬಂಡಾಯ?

ಮೇಷ್ಟ್ರೇ, ಗೊತ್ತಿದ್ದೂ ತಿಳಿಸದಿದ್ದರೆ ಅದೂ ಅಪರಾಧ, ಆರು ತಿಂಗಳವರೆಗೆ ಜೈಲು. ಮಗು ಬಾಯಿಬಿಟ್ಟರೆ ಮೊದಲು ನಂಬಿ. 1098ಕ್ಕೆ ಫೋನು ಮಾಡಿ. ಕೋರ್ಟಿನ ಕೊನೇ ದಿನದವರೆಗೂ ಜೊತೆಗಿರಿ.